ಕೆರೆ ಏರಿಯ ಮೇಲೊಂದು ಶತ್ರು ಹಡಗು

ಎದುರಿಗೆ ಹೋಗುವ ಹಡಗನ್ನು ಕಣ್ಣಲ್ಲೇ ನೋಡಿ ಅದರ ದೂರ ಎಷ್ಟು, ವೇಗ ಎಷ್ಟು ಎಂದು ಹೇಳಬಲ್ಲ ಮಹಾನುಭಾವರು ಈ ಭೂಮಂಡಲದಲ್ಲಿ ಬೆರಳೆಣಿಕೆಯಷ್ಟು ಜನ ಇರಬಹುದು. ಅದರಲ್ಲಿ ಒಂದು ಬೆರಳು ನಾನೇ ಆಗಬೇಕು ಎಂದು ನಾನು ಘನಘೋರ ಪ್ರತಿಜ್ಞೆ ಮಾಡಿದ್ದು ಕೈಲಾಂಚದಿಂದ ಬಿಡದಿಗೆ ಹೋಗುವ ಫ್ಯಾಕ್ಟರಿ ಬಸ್ಸಿನಲ್ಲಿ, ಕಿಟಕಿ ಪಕ್ಕದ ಸೀಟಿನಲ್ಲಿ! ಸಮುದ್ರ ನೋಡಿದ್ದೀರಾ ಎಂದು ಮಾತ್ರ ಕೇಳಬೇಡಿ. ನಾನು ಕಂಡ ಅತಿ ದೊಡ್ಡ ಜಲರಾಶಿ ಎಂದರೆ ನಮ್ಮೂರ ಮುಂದಿನ ಕೆರೆ. ಬೇಸಿಗೆಯಲ್ಲಿ ಅದನ್ನು ಎಮ್ಮೆಗಳು ಮೊಣಕಾಲೂ ನೆನೆಯದಂತೆ ದಾಟುತ್ತವೆ.

ಪ್ರತಿಜ್ಞೆಗೆ ಕಾರಣ ಗೆಳೆಯ ನರೇಂದ್ರ. ನಾವಿಬ್ಬರೂ ಒಂದೇ ಫ್ಯಾಕ್ಟರಿ, ಒಂದೇ ಪಾಳಿ. ನಾನು ಕಂಪ್ಯೂಟರಿನಲ್ಲಿ ಜಲಾಂತರ್ಗಾಮಿಯ ಆಟ ಆಡುತ್ತೇನೆಂದೂ, ಅದರಲ್ಲಿ ನಾನೇ ಕ್ಯಾಪ್ಟನ್ ಎಂದೂ, ಈ ವಾರ ಶತ್ರುಗಳ ಏಳು ಹಡಗುಗಳನ್ನು ಸಮುದ್ರದ ತಳಕ್ಕೆ ಕಳುಹಿಸಿದೆನೆಂದೂ ಅವನಿಗೆ ಬಣ್ಣಿಸುತ್ತಿದ್ದೆ.

"ದೂರ, ವೇಗ ಎಲ್ಲಾ ಯಾರ್ಲಾ ಲೆಕ್ಕ ಹಾಕೋದು?" ಎಂದ.

"ಅದೆಲ್ಲಾ ಕಂಪ್ಯೂಟ್ರೇ ಹಾಕ್ತದೆ ಕಣ್ಲಾ. ನಾನು ಗುಂಡಿ ಒತ್ತೋದು ಅಷ್ಟೇಯ."

"ಗುರಿ ಇಡೋದು ಕಂಪ್ಯೂಟ್ರು, ಹೊಡೆಯೋದು ಕಂಪ್ಯೂಟ್ರು. ನೀನ್ಯಾಕ್ಲಾ ಅಲ್ಲಿ? ಗೊರಕೆ ಹೊಡೆಯೋಕಾ?"

ಬಸ್ಸಿಗೆ ಬಸ್ಸೇ ನಕ್ಕಿತು. ಡ್ರೈವರ್ ಕೂಡ ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕ. ಅವತ್ತೇ ಮನೆಗೆ ಬಂದವನು ಆ ಸುಲಭದ ಸೌಲಭ್ಯವನ್ನು ಆಫ್ ಮಾಡಿ ಎಸೆದೆ. ಇನ್ನು ಮೇಲೆ ಕ್ಯಾಪ್ಟನ್ ನಟರಾಜು ಸ್ವಂತ ತಲೆಯಿಂದಲೇ ಹಡಗು ಮುಳುಗಿಸುತ್ತಾನೆ!

ವಿದ್ಯೆ ಬಹಳ ಸುಲಭ, ಕೇಳುವುದಕ್ಕೆ. ಹಡಗಿನ ಕಂಬದ ಎತ್ತರ ಗೊತ್ತಿದ್ದರೆ, ಪೆರಿಸ್ಕೋಪಿನಲ್ಲಿ ಅದು ಎಷ್ಟು ಪುಟ್ಟದಾಗಿ ಕಾಣುತ್ತದೆ ಎಂಬುದರ ಮೇಲೆ ದೂರ ಹೇಳಬಹುದು. ಹಡಗಿನ ಉದ್ದ ಗೊತ್ತಿದ್ದರೆ, ಪೆರಿಸ್ಕೋಪಿನ ನಡುಗೆರೆಯನ್ನು ಅದರ ಮೂತಿ ಮುಟ್ಟಿದಾಗಿನಿಂದ ಬಾಲ ದಾಟುವವರೆಗೆ ಎಣಿಸಿ ವೇಗ ಹೇಳಬಹುದು. ಒಂದೇ ಒಂದು ತೊಡಕು: ಅದು ಯಾವ ಹಡಗು ಎಂದು ಮೊದಲು ಸರಿಯಾಗಿ ಗುರುತಿಸಬೇಕು. ಹತ್ತಿರದ ದೋಣಿಯನ್ನು ದೂರದ ಯುದ್ಧನೌಕೆ ಎಂದುಕೊಂಡಿರೋ, ಮುಗಿಯಿತು. ನನ್ನ ಟಾರ್ಪಿಡೊಗಳು ಹಡಗಿನ ಮುಂದೆ ಹೋದವು, ಹಿಂದೆ ಹೋದವು, ಅಡಿಯಲ್ಲಿ ನುಸುಳಿ ಹೋದವು. ಒಂದಂತೂ ಒಂದು ಸುತ್ತು ಹೊಡೆದು ವಾಪಸ್ ನನ್ನ ಕಡೆಗೇ ಬಂತು. ತವರಿನ ಮೇಲಿನ ಪ್ರೀತಿ!

ಕೊನೆಗೆ ಒಂದು ಶನಿವಾರ ಮಧ್ಯಾಹ್ನ, ಪೂರ್ತಿ ನನ್ನದೇ ಲೆಕ್ಕದಲ್ಲಿ, ಒಂದು ಹಡಗು ನಡುವಿಗೆ ಸರಿಯಾಗಿ ಬಿದ್ದ ಏಟಿಗೆ ಎರಡು ಹೋಳಾಯಿತು. "ಮುಳುಗಿಸ್ಬುಟ್ಟೆ! ಮುಳುಗಿಸ್ಬುಟ್ಟೆ!" ಎಂದು ನಾನು ಕುರ್ಚಿಯ ಮೇಲೆ ಹತ್ತಿ ಕುಣಿದೆ.

ನನ್ನ ಹೆಂಡತಿ ರಾಧಾಮಣಿ ಕೊಟ್ಟಿಗೆಯಿಂದ ಸಗಣಿ ಕೈಯಲ್ಲೇ ಓಡಿ ಬಂದಳು. "ಏನ್ ಮುಳುಗಿಸಿದ್ರಿ? ಬಾವಿಗೆ ಮೋಟ್ರು ಬೀಳಿಸಿದ್ರಾ?"

"ಹಡಗು ಕಣೇ! ಸ್ವಂತ ಲೆಕ್ಕ! ದೂರ ನಾನೇ ಅಳೆದದ್ದು!"

"ನೀವು ದೂರ ಅಳೀತಾ ಕೂತ್ಕಳಿ. ನಾನು ದೂರು ಅಳೀತೀನಿ. ಬೆಳಗ್ಗೆಯಿಂದ ಹಸುವಿಗೆ ನೀರು ಇಟ್ಟಿಲ್ಲ ನೀವು."

ಮಹಾವಿಜಯಿಗಳಿಗೆ ಮನೆಯಲ್ಲಿ ಸಿಗುವ ಸನ್ಮಾನ ಇಷ್ಟೇ.

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಮಾತಾಡುತ್ತಾ ಆಡುತ್ತಾ ಅವಳ ಮುಖ ಬೆಳಗಿತು, ಕಣ್ಣು ತುಂಬಿತು, ಮಾತು ಮುಗಿದ ಮೇಲೆ ಫೋನನ್ನು ಎದೆಗೆ ಒತ್ತಿಕೊಂಡು ನಿಂತಳು. "ರೀ, ದೊಡ್ಡವ್ವ ಬತ್ತಾಳಂತೆ! ನಾಳೆ ಮಧ್ಯಾಹ್ನ ಊಟಕ್ಕೆ!"

ದೊಡ್ಡವ್ವ ಎಂದರೆ ದೊಡ್ಡಲಕ್ಷ್ಮಮ್ಮ, ಅವಳ ತಾಯಿಯ ಅಕ್ಕ, ಮಾಗಡಿ ಕಡೆಯವರು. ತಾಯಿಯಿಲ್ಲದ ರಾಧಾಮಣಿಯನ್ನು ಎತ್ತಿ ಆಡಿಸಿ ಬೆಳೆಸಿದವರು. ಆದರೆ ನಮ್ಮ ಹೊಸ ಮನೆಯ ಗೃಹಪ್ರವೇಶದ ದಿನ ಅಡುಗೆ ಭಟ್ಟರ ಕಡೆಯ ಹುಡುಗರು ಎರಡನೇ ಪಂಕ್ತಿಯಲ್ಲಿ ಅವರ ಎಲೆಗೆ ತಣ್ಣಗಿನ ಮುದ್ದೆ ಹಾಕಿಬಿಟ್ಟರು. ದೊಡ್ಡವ್ವ ಎಲೆ ಮಡಿಚಿ, ಕೈ ತೊಳೆದು, "ಸಾಕಿದ ಕೈಗೆ ತಂಗಳು ಹಿಟ್ಟು ಇಕ್ಕುದ್ರಿ" ಎಂದು ಹೊರಟವರು ಮತ್ತೆ ಹೊಸಿಲು ತುಳಿದಿರಲಿಲ್ಲ. ರಾಧಾಮಣಿ ಎಷ್ಟು ಸಲ ಅತ್ತಿದ್ದಳೋ! ಈಗ ತಾವಾಗಿಯೇ ಬರುತ್ತಾರೆ. ಷರತ್ತು ಒಂದೇ: ಹಿಟ್ಟು ಬಿಸಿ ಇದ್ದರೆ ಉಣ್ಣುತ್ತಾರೆ, ಇಲ್ಲವಾದರೆ ಬಂದ ದಾರಿಯಲ್ಲೇ ಹೋಗುತ್ತಾರೆ.

"ಬಂದ ಮೇಲೆ ತೊಳಸಿದರಾಯಿತಲ್ಲ?" ಎಂದೆ.

"ಎಲೆ ಮುಂದೆ ಕಾಯಿಸೋದಾ ದೊಡ್ಡವ್ವನ್ನ? ತಣ್ಣಗಿನ ಹಿಟ್ಟಿಗಿಂತ ದೊಡ್ಡ ಅವಮಾನ ಅದು!"

"ಮೊದಲೇ ಮಾಡಿ ಹಾಟ್ ಬಾಕ್ಸಿನಲ್ಲಿ ಇಡು."

"ಡಬ್ಬೀಲಿ ಇಟ್ಟ ಹಿಟ್ಟು ಬೆವರ್ತದೆ. ಒಂದೇ ಬೆಳ್ಳಲ್ಲಿ ಮುಟ್ಟಿ ಹೇಳ್ಬುಡ್ತಾಳೆ ಅವ್ಳು."

"ಹೊರಟಾಗ, ಹತ್ತಿರ ಬಂದಾಗ ಫೋನು ಮಾಡಲಿ."

"ದೊಡ್ಡಪ್ಪ ಫೋನ್‌ನ ಬೀರೂಲಿ ಇಟ್ಟು ಬೀಗ ಹಾಕಿ ಬತ್ತಾರೆ. ದಾರೀಲಿ ಕಳ್ದೋದ್ರೆ ಅಂತ."

ನೋಡಿ, ಇತಿಹಾಸ ಒಬ್ಬ ಮನುಷ್ಯನನ್ನು ಹೀಗೆ ಕರೆಯುತ್ತದೆ! ಗುರಿ ಯಾವಾಗ ಬಂದು ಮುಟ್ಟುತ್ತದೆ ಎಂದು ನಿಖರವಾಗಿ ಹೇಳಬಲ್ಲ ಒಬ್ಬ ತಜ್ಞ ಈ ಮನೆಗೆ ಬೇಕಾಗಿತ್ತು. ತಜ್ಞ ಈ ಮನೆಯಲ್ಲೇ ಇದ್ದ! ನಮ್ಮ ತಾರಸಿಯ ಮೇಲೆ ನಿಂತರೆ ಕೆರೆ ಏರಿ ಉದ್ದಕ್ಕೂ ಕಾಣುತ್ತದೆ. ಅದರ ಆಚೆ ಹುಣಸೆ ಮರಗಳ ಸಾಲು, ಅದರಾಚೆ ರಾಮನಗರದ ರಸ್ತೆ. ದಿಗಂತದ ಮೇಲೆ ಹಡಗು ಹೋದ ಹಾಗೆ ಏರಿಯ ಮೇಲೆ ಬಸ್ಸು, ಟೆಂಪೊ, ಟ್ರ್ಯಾಕ್ಟರುಗಳು ಅಡ್ಡಡ್ಡ ಹೋಗುತ್ತವೆ. ಏರಿಯಿಂದ ಕೆರೆ ಬಳಸಿ, ಹಾಲಿನ ಡೇರಿ ದಾಟಿ, ಊರೊಳಗೆ ತಿರುಗಿ ನಮ್ಮ ಮನೆಗೆ ಬರಲು ಹಿಡಿಯುವ ಸಮಯ, ಹಿಟ್ಟು ಹಾಕಿ ತೊಳಸಿ ಮುದ್ದೆ ಕಟ್ಟಲು ಹಿಡಿಯುವ ಸಮಯ, ಎರಡೂ ಹೆಚ್ಚುಕಡಿಮೆ ಒಂದೇ!

"ನಾಳೆ ನಾನು ಮೇಲಿಂದ 'ಹಾಕು' ಅಂದಾಗ ನೀನು ಎಸರಿಗೆ ಹಿಟ್ಟು ಹಾಕು. ದೊಡ್ಡವ್ವ ಕೈ ತೊಳೆದು ಕೂರುವುದಕ್ಕೂ ಮುದ್ದೆ ಎಲೆಗೆ ಬೀಳುವುದಕ್ಕೂ ಒಂದೇ ಗಳಿಗೆ!"

"ಅದರ ಬದಲು ನೀವೇ ಏರಿ ಮ್ಯಾಲೆ ಹೋಗಿ ನಿಂತ್ಕಂಡು, ದೊಡ್ಡಪ್ಪನ ವ್ಯಾನ್ ಕಂಡೇಟ್ಗೆ ನಂಗೊಂದು ಫೋನ್ ಮಾಡಿ. ಆಗಾಕಿಲ್ವಾ?"

"ಜಲಾಂತರ್ಗಾಮಿಯ ಕ್ಯಾಪ್ಟನ್ ಎದ್ದು ಹೋಗಿ, ಶತ್ರು ಹಡಗಿನ ಪಕ್ಕದಲ್ಲಿ ನಿಂತು, 'ಸ್ವಾಮಿ, ತಮ್ಮ ವೇಗ ಎಷ್ಟು' ಎಂದು ಕೇಳುತ್ತಾನೇನೇ?"

ರಾಧಾಮಣಿ ನನ್ನನ್ನು ದೀರ್ಘವಾಗಿ ನೋಡಿದಳು. ಮದುವೆಗೆ ಮುಂಚೆ ಇದನ್ನು ಯಾರಾದರೂ ಹೇಳಬಾರದಿತ್ತೇ ಎಂಬ ನೋಟ.

ಭಾನುವಾರ ಸೂರ್ಯ ನೆತ್ತಿಗೆ ಬರುವ ಮುಂಚೆಯೇ ನಾನು ತಾರಸಿಯಲ್ಲಿದ್ದೆ. ಕೊರಳಲ್ಲಿ ಆನ್‌ಲೈನಿನಲ್ಲಿ ತರಿಸಿದ ದುರ್ಬೀನು. ಕೈಯಲ್ಲಿ ಎತ್ತರ ಅಳೆಯಲು ಪ್ಲಾಸ್ಟಿಕ್ ಸ್ಕೇಲು. ನಡುಗೆರೆಯ ಬದಲಿಗೆ ಡಿಶ್ ಆಂಟೆನಾದ ಕಬ್ಬಿಣದ ಕಂಬ. ಬಿಸಿಲಿಗೆ ತಲೆಗೊಂದು ಒದ್ದೆ ಟವೆಲ್ಲು. ಯುದ್ಧದಲ್ಲಿ ಪ್ರತಿ ಗುರಿಗೂ ಒಂದು ಗುಪ್ತನಾಮ ಇರಬೇಕು. ಹುಡುಕಿ ಹುಡುಕಿ, ದೊಡ್ಡಪ್ಪ ಗಂಗಹನುಮಯ್ಯನವರ ಹಳೆಯ ಬಿಳಿ ವ್ಯಾನಿಗೆ 'ದೊಡ್ಡವ್ವ' ಎಂದು ನಾಮಕರಣ ಮಾಡಿದೆ. ಅಡುಗೆಮನೆ ಮೆಟ್ಟಿಲ ಬುಡದಲ್ಲೇ ಇತ್ತು. ನಾಟಿಕೋಳಿ ಸಾರಿನ ಘಮ ಮೇಲೆ ಬಂದು ಕ್ಯಾಪ್ಟನ್‌ನ ಏಕಾಗ್ರತೆಗೆ ಭಂಗ ತರುತ್ತಿತ್ತು.

"ಎಸರು ಕುದೀತಾ ಐತೆ!" ಕೆಳಗಿನಿಂದ ಕೂಗು.

"ಕಾಯಿ! ಗುರಿ ಇನ್ನೂ ಕಂಡಿಲ್ಲ!" ಮೇಲಿನಿಂದ ಕೂಗು.

ಆಗ ಹುಣಸೆ ಮರಗಳ ನಡುವೆ ಬಿಳಿಯದೊಂದು ಮಿಂಚಿತು! ನೆತ್ತಿ ಮಾತ್ರ ಕಾಣುತ್ತಿತ್ತು. ಬಿಳಿ ನೆತ್ತಿ ಎಂದರೆ ದೊಡ್ಡಪ್ಪನ ವ್ಯಾನೇ ತಾನೇ? ಸ್ಕೇಲು ಹಿಡಿದೆ, ಒಂದು ಕಣ್ಣು ಮುಚ್ಚಿದೆ, ಎತ್ತರ ಅಳೆದೆ. ಇಷ್ಟು ದೊಡ್ಡದಾಗಿ ಕಾಣುತ್ತಿದೆ ಎಂದರೆ ಏರಿಯ ತುದಿಗೇ ಬಂದುಬಿಟ್ಟಿದೆ!

"ಹಾಕು! ಹಾಕು! ಹಿಟ್ಟು ಹಾಕು!"

ಕೆಳಗೆ ಧಡಧಡ ಹಿಟ್ಟು ಬಿತ್ತು, ಕೋಲು ತಿರುಗಿತು, ಮುದ್ದೆ ಕಟ್ಟಿಯೂ ಆಯಿತು. ವ್ಯಾನು ಬರಲಿಲ್ಲ. ಎಲೆ ಹಾಕಿದಳು, ನೀರಿಟ್ಟಳು, ವ್ಯಾನು ಬರಲಿಲ್ಲ. ಮುದ್ದೆಯ ಹಬೆ ಅಡಗಿ, ಮೇಲೆ ಚರ್ಮ ಕಟ್ಟಿದ ಮೇಲೆ ಏರಿಯನ್ನು ಏರಿತು ನೋಡಿ, ಹೂವಿನ ಹಾರ ಹಾಕಿಕೊಂಡ ಒಂದು ದೊಡ್ಡ ಬಿಳಿ ಮದುವೆ ಬಸ್ಸು! ನಾನು ಹತ್ತಿರದ ವ್ಯಾನು ಎಂದುಕೊಂಡದ್ದು ದೂರದ ಬಸ್ಸು. ನಮ್ಮ ಬೀದಿಯಲ್ಲೇ ಹಾಯ್ದು ಹೋಯಿತು. ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ, ಟವೆಲ್ಲು ಸುತ್ತಿಕೊಂಡು ತಾರಸಿಯಲ್ಲಿ ನಿಂತ ನನಗೆ ಎಲ್ಲರೂ ಕೈ ಬೀಸಿದರು.

ರಾಧಾಮಣಿ ಮೆಟ್ಟಿಲು ಹತ್ತಿ ಬಂದಳು. ತಟ್ಟೆಯಲ್ಲಿ ಎರಡು ಮುದ್ದೆ.

"ತಿನ್ನಿ."

"ಎರಡೂನಾ?"

"ದೊಡ್ಡವ್ವ ಬಂದಾಗ ತಣ್ಣಗಿನ ಹಿಟ್ಟು ಮನೇಲಿ ಕಣ್ಣಿಗೆ ಬೀಳಂಗಿಲ್ಲ. ತಿನ್ನಿ. ಸಾರು ಕೇಳ್ಬೇಡಿ."

ಗುರಿ ತಪ್ಪಿದ ಎರಡು ಟಾರ್ಪಿಡೊಗಳನ್ನು ನಾನೇ ನುಂಗಿದೆ. ಹೊಟ್ಟೆ ಭಾರವಾಗಿ, ಜಲಾಂತರ್ಗಾಮಿ ಮುಳುಗುವುದು ಹೇಗೆ ಎಂಬುದು ಮೊದಲ ಬಾರಿಗೆ ಅನುಭವಕ್ಕೆ ಬಂತು.

"ರೀ, ಒಂದು ಕೇಳ್ತೀನಿ," ಎಂದಳು. "ಆ ಏರಿ ನಿಮ್ಮಜ್ಜನ ಕಾಲದಿಂದ ಅಲ್ಲೇ ಐತೆ. ಅದು ಎಷ್ಟು ದೂರ ಅಂತ ನಿಮಗೆ ಮದ್ಲೇ ಗೊತ್ತು. ಮತ್ತೆ ಅಳೀತಿರೋದು ಏನನ್ನ?"

"ದೂರ ಗೊತ್ತು ಎಂಬ ಅಹಂಕಾರದಿಂದಲೇ ಎಷ್ಟೋ ಕ್ಯಾಪ್ಟನ್‌ಗಳು ಮಣ್ಣುಮುಕ್ಕಿದ್ದಾರೆ!"

"ಸಮುದ್ರದಲ್ಲಿ ಮಣ್ಣು ಎಲ್ಲಿಂದ ಬತ್ತದೆ?" ಎಂದು ಕೇಳಿ ಕೆಳಗಿಳಿದಳು. ಮತ್ತೆ ಎಸರಿಟ್ಟ ಸದ್ದು ಕೇಳಿಸಿತು. ಪಾತ್ರೆಯ ಸದ್ದಿನಲ್ಲೇ ಅವಳ ಮನಸ್ಸಿನ ವೇಗ ತಿಳಿಯುತ್ತಿತ್ತು. ಅದಕ್ಕೆ ಸ್ಕೇಲು ಬೇಡ.

ಸ್ವಲ್ಪ ಹೊತ್ತಿಗೆ ಏರಿಯ ಮೇಲೆ ಮತ್ತೊಂದು ಬಿಳಿ ವಾಹನ. ಈ ಸಲ ನಾನು ಆತುರಪಡಲಿಲ್ಲ. ದುರ್ಬೀನಿನಲ್ಲಿ ನೋಡಿದೆ. ಮುಂದೆ ನೆಗ್ಗಿದೆ, ಹೊಗೆ ಉಗುಳುತ್ತಿದೆ, ನೆತ್ತಿಯ ಮೇಲೆ ಹಲಸಿನ ಹಣ್ಣು ಕಟ್ಟಿದೆ. ಅನುಮಾನವೇ ಇಲ್ಲ, ದೊಡ್ಡಪ್ಪನ ವ್ಯಾನು! ಮೂತಿ ಆಂಟೆನಾ ಕಂಬವನ್ನು ಮುಟ್ಟಿದಾಗಿನಿಂದ ಬಾಲ ದಾಟುವವರೆಗೆ ಎಣಿಸಿದೆ. ಎತ್ತಿನ ಗಾಡಿಗಿಂತ ಒಂದು ಕೂದಲೆಳೆ ಜೋರು. ಸರಿಯಾದ ಗುರಿ, ಸರಿಯಾದ ದೂರ, ಸರಿಯಾದ ವೇಗ!

"ಹಾಕು ರಾಧಾ, ಹಾಕು! ಈ ಸಲ ತಪ್ಪಿದರೆ ನನ್ನ ಹೆಸರು ನಟರಾಜುನೇ ಅಲ್ಲ!"

ಹಿಟ್ಟು ಬಿತ್ತು. ಅದೇ ಗಳಿಗೆಗೆ ಏರಿಯ ನಡುಮಧ್ಯೆ ವ್ಯಾನು ಕೆಮ್ಮಿತು, ಒಂದು ಸಲ ಮುಗ್ಗರಿಸಿತು, ನಿಂತುಬಿಟ್ಟಿತು.

ಸಮುದ್ರದಲ್ಲಿ ಹಡಗುಗಳು ಹೀಗೆ ಮಾಡುವುದಿಲ್ಲ! ಏನಾಯಿತೆಂದು ನೋಡಲು ನಾನು ದುರ್ಬೀನನ್ನು ಕಣ್ಣಿಗೆ ಒತ್ತಿ, ತಾರಸಿಯ ಅಂಚಿಗೆ ಹೋಗಿ, ಬಗ್ಗಿ ನಿಂತೆ. ನಿಂತದ್ದಷ್ಟೇ, ಪಕ್ಕದ ತಾರಸಿಯಿಂದ ಸಿಡಿಲು ಬಡಿಯಿತು.

"ಏನಪ್ಪಾ ನಟರಾಜು! ಬಟ್ಟೆ ಒಣಗಾಕೋ ಹೆಂಗಸ್ರನ್ನ ದುರ್ಬೀನ್ ಹಿಡ್ಕಂಡು ನೋಡೋ ವಯಸ್ಸಾ ನಿಂದು?"

ಪಕ್ಕದ ಮನೆಯ ಕಾವೇರಮ್ಮ! ಕೆರೆಗೂ ನನಗೂ ನಡುವೆ ಅವರ ತಾರಸಿ ಇದೆ ಎಂಬುದನ್ನು ನನ್ನ ಯುದ್ಧ ನಕ್ಷೆ ಗಮನಿಸಿರಲಿಲ್ಲ. ಅವರು ಒದ್ದೆ ಸೀರೆಯನ್ನು ಗುರಾಣಿಯಂತೆ ಹಿಡಿದು ನಿಂತಿದ್ದರು.

"ಅಯ್ಯೋ ಕಾವೇರಮ್ಮ, ನಿಮ್ಮನ್ನಲ್ಲ! ನಾನು ನಿಮ್ಮ ಹಿಂದ್ಗಡೆ ನೋಡ್ತಿದ್ದೆ!"

"ಹಿಂದ್ಗಡೆ ನೋಡ್ತಿದ್ದೆ ಅಂತ ಬಾಯ್ಬುಟ್ಟು ಹೇಳ್ತೀಯಾ? ನಾಚ್ಕೆ ಆಗಾಕಿಲ್ವಾ? ರಾಧಾಮಣೀ! ಏ ರಾಧಾಮಣೀ! ಬಾರವ್ವ, ಬಂದು ನಿನ್ ಗಂಡನ್ನ ನೋಡು!"

ರಾಧಾಮಣಿ ಹಿಟ್ಟಿನ ಕೋಲು ಹಿಡಿದುಕೊಂಡೇ ಮೇಲೆ ಓಡಿ ಬಂದಳು. ಕಾವೇರಮ್ಮ ಆರೋಪ ಪಟ್ಟಿ ಓದಿದರು. ಬಟ್ಟೆ ಒಣಗಹಾಕಿದಾಗಿನಿಂದ, ಟವೆಲ್ಲು ಕಟ್ಟಿಕೊಂಡು, ಒಂದು ಕಣ್ಣು ಮುಚ್ಚಿ, ಕೈಯಲ್ಲಿ ಸ್ಕೇಲು ಹಿಡಿದು ಅಳತೆ ತೆಗೆಯುತ್ತಿದ್ದೆನಂತೆ! ನಿಜ ಹೇಳಬೇಕೆಂದರೆ ಪ್ರತಿ ಮಾತೂ ಸತ್ಯ. ಅದೇ ಭಯಂಕರ.

"ಅಕ್ಕಾ, ಅವ್ರು ನಿಮ್ಮನ್ನ ನೋಡ್ತಿಲ್ಲ," ಎಂದಳು ರಾಧಾಮಣಿ, ನನ್ನ ಮಾನ ಉಳಿಸಲು. "ಅವ್ರು ಹಡಗು ನೋಡ್ತಾವ್ರೆ."

"ಕೈಲಾಂಚದಲ್ಲಿ ಹಡಗಾ?"

ಕಾವೇರಮ್ಮನ ಕೋಪ ಒಂದೇ ಕ್ಷಣಕ್ಕೆ ಇಳಿದು ಮರುಕವಾಯಿತು. "ಯಾವಾಗಿಂದ ಹಿಂಗೆ? ಡಾಕ್ಟ್ರಿಗೆ ತೋರ್ಸಿದ್ರಾ?" ಎಂದು ನನ್ನ ಹೆಂಡತಿಯನ್ನು ಕೇಳಿದರು. ಅವಳು ಜಲಾಂತರ್ಗಾಮಿ ಎಂದರೇನು, ಆಟ ಎಂದರೇನು, ದೊಡ್ಡವ್ವ ಬರುವುದು ಏನು ಎಂದೆಲ್ಲ ವಿವರಿಸುತ್ತಾ ಹೋದಳು. ಕಾವೇರಮ್ಮ ನಡುನಡುವೆ "ಪಾಪ, ಪಾಪ" ಎನ್ನುತ್ತಾ ಹೋದರು. ಅವಮಾನ ಸಹಿಸಬಹುದು, ಮರುಕ ಸಹಿಸಲಾರೆ. ನಾನು ಸುಳ್ಳುಗಾರನಲ್ಲ, ಹುಚ್ಚನೂ ಅಲ್ಲ ಎಂದು ತೋರಿಸಲೇಬೇಕಿತ್ತು. ದುರ್ಬೀನನ್ನು ಏರಿಯ ಕಡೆ ಗುರಿಯಿಟ್ಟು, ಕಾವೇರಮ್ಮನಿಗೂ ಕೇಳಲಿ ಎಂದು, ಊರಿಗೆಲ್ಲ ಸಾರುವ ದನಿಯಲ್ಲಿ ವರದಿ ಒಪ್ಪಿಸಿದೆ.

"ನೋಡ್ಕಳಿ! ದೊಡ್ಡವ್ವ ಏರಿ ಮೇಲೆ ಕೆಟ್ಟು ನಿಂತೈತೆ! ಮುಂದ್ಗಡೆ ಪೂರಾ ನೆಗ್ಗೈತೆ, ಹಿಂದ್ಗಡೆ ಅಗಲ ಐತೆ! ಬಣ್ಣ ಎಲ್ಲಾ ಕಿತ್ತೋಗೈತೆ! ಬುಸುಬುಸು ಅಂತ ಹೊಗೆ ಬುಡ್ತೈತೆ!"

"ರೀ, ಮೆಲ್ಲಗೆ!" ಎಂದಳು ರಾಧಾಮಣಿ.

"ನಾಲ್ಕು ಜನ ಹಿಂದಿಂದ ತಳ್ಳಿದ್ರೂ ದೊಡ್ಡವ್ವ ಅಲುಗಾಡೋ ಹಂಗೆ ಕಾಣೆ! ದೊಡ್ಡಪ್ಪ ಸುಮ್ನೆ ಇದನ್ನ ಇಟ್ಕಂಡು ಯಾಕೆ ಒದ್ದಾಡ್ತಾರೋ! ಗುಜರಿಗೆ ಹಾಕಿ ಹೊಸದು ತರೋದು ವಾಸಿ!"

ಕಾವೇರಮ್ಮ ಕೆನ್ನೆ ಕೆನ್ನೆ ಬಡಿದುಕೊಂಡರು.

"ಹಾಗಾದ್ರೆ ಎಷ್ಟೊತ್ತಿಗೆ ಬತ್ತಾಳೆ, ಅದನ್ನ ಹೇಳಿ!" ರಾಧಾಮಣಿ ಅಳುವ ಹಂತಕ್ಕೆ ಬಂದಿದ್ದಳು.

ಲೆಕ್ಕ ಹಾಕಿದೆ. ದೂರವನ್ನು ವೇಗದಿಂದ ಭಾಗಿಸಿದರೆ ಸಮಯ. ವೇಗ ಸೊನ್ನೆ. ಸೊನ್ನೆಯಿಂದ ಭಾಗಿಸಿದರೆ? ಗಣಿತ ಎಂದೂ ಸುಳ್ಳು ಹೇಳುವುದಿಲ್ಲ.

"ದೊಡ್ಡವ್ವ ಇನ್ನು ಈ ಜನ್ಮದಲ್ಲಿ ಬರೋದಿಲ್ಲ!" ಎಂದು ಘೋಷಿಸಿದೆ.

ಆಗ ಕೆಳಗಿನಿಂದ ಒಂದು ಸದ್ದು ಕೇಳಿಸಿತು. ಗುಡುಗುಡು, ಧಬ್. ಗುಡುಗುಡು, ಧಬ್. ಅಡುಗೆಮನೆಯಲ್ಲಿ ಯಾರೋ ಹಿಟ್ಟು ತೊಳಸುತ್ತಿದ್ದಾರೆ! ನಾನು ರಾಧಾಮಣಿಯನ್ನು ನೋಡಿದೆ. ಅವಳು ಇಲ್ಲೇ ಇದ್ದಾಳೆ. ಅವಳ ಕೈ ನೋಡಿದೆ. ಕೋಲೂ ಇಲ್ಲೇ ಇದೆ. ಮನೆಯಲ್ಲಿ ಇರುವುದು ನಾವಿಬ್ಬರೇ.

ಇಬ್ಬರೂ ಒಬ್ಬರ ಮೇಲೊಬ್ಬರು ಬೀಳುತ್ತಾ ಮೆಟ್ಟಿಲಿಳಿದೆವು.

ಅಡುಗೆಮನೆಯಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡು ಕಾಲಿನ ನಡುವೆ ಪಾತ್ರೆ ಇಟ್ಟುಕೊಂಡು, ಲಟ್ಟಣಿಗೆಯಲ್ಲಿ ಹಿಟ್ಟು ತೊಳಸುತ್ತಾ ಕೂತಿದ್ದವರು ಸಾಕ್ಷಾತ್ ದೊಡ್ಡಲಕ್ಷ್ಮಮ್ಮ!

"ಏನವ್ವ ರಾಧಾ, ಹಿಟ್ಟು ಒಲೆ ಮ್ಯಾಲೆ ಬುಟ್ಟು ಎಲ್ಲೋಗಿದ್ದೆ? ಒಸಿ ತಡ ಆಗಿದ್ರೆ ಸೀದೋಗದು. ಕೋಲು ಸಿಗ್ನಿಲ್ಲ, ಇದ್ರಲ್ಲೇ ತೊಳಸ್ದೆ."

ವ್ಯಾನು ಕೆಟ್ಟ ಕೂಡಲೇ ದೊಡ್ಡವ್ವ ಗಂಡನನ್ನು ಅಲ್ಲೇ ಬಿಟ್ಟು, ಏರಿ ಇಳಿದು, ಹಿಪ್ಪುನೇರಳೆ ತೋಟದ ಬದುವಿನ ಮೇಲೆ ನೆಟ್ಟಗೆ ನಡೆದು, ಕೊಟ್ಟಿಗೆಯ ಹಿಂಬಾಗಿಲಿನಿಂದ ಒಳಗೆ ಬಂದಿದ್ದರು. ನಾನು ಕಾವೇರಮ್ಮನಿಗೆ ನನ್ನ ಶೀಲ ಸಮರ್ಥಿಸಿಕೊಳ್ಳುತ್ತಿದ್ದಾಗ ಶತ್ರು ನನ್ನ ಕೋಟೆಯೊಳಗೆ ಕೂತು ಹಿಟ್ಟು ತೊಳಸುತ್ತಿತ್ತು! ಅಂದರೆ, ನನ್ನ ವರದಿ? ಮುಂದ್ಗಡೆ, ಹಿಂದ್ಗಡೆ, ಹೊಗೆ? ನನ್ನ ಹೊಟ್ಟೆಯಲ್ಲಿದ್ದ ಎರಡು ತಣ್ಣನೆಯ ಮುದ್ದೆಗಳು ಒಂದನ್ನೊಂದು ಅಪ್ಪಿಕೊಂಡವು.

ದೊಡ್ಡವ್ವ ಒದ್ದೆ ಕೈಯಲ್ಲಿ ಮುದ್ದೆ ಕಟ್ಟಿ ತಟ್ಟೆಗಿಟ್ಟರು. ಹಬೆ ಎದ್ದಿತು. ನನ್ನ ಕಡೆ ತಿರುಗಿದರು.

"ಅಳಿಯಂದ್ರೆ."

"ಅತ್ತೆ..."

"ನನ್ನ ಗುಜರಿಗೆ ಹಾಕುದ್ರೆ, ಕೆ.ಜಿ. ಲೆಕ್ಕದಲ್ಲಿ ತಕ್ಕತ್ತಾರೋ, ಒಟ್ಟಾಗಿ ತಕ್ಕತ್ತಾರೋ?"

ನೆಲ ಬಾಯಿ ಬಿಡಲಿ ಎಂದು ಬೇಡಿಕೊಂಡೆ. ಬಿಡಲಿಲ್ಲ, ಹೊಸ ಟೈಲ್ಸು. "ಅತ್ತೆ, ಅದು ವ್ಯಾನಿಗೆ... ವ್ಯಾನಿನ ಗುಪ್ತನಾಮ... ನಾನು ಕ್ಯಾಪ್ಟನ್..." ಎಂದು ತೊದಲಿದೆ. ಪ್ರತಿ ಪದಕ್ಕೂ ವಿಷಯ ಇನ್ನಷ್ಟು ಕೆಡುತ್ತಿತ್ತು. ರಾಧಾಮಣಿ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಡುಗುತ್ತಿದ್ದಳು. ಅಳುತ್ತಿದ್ದಾಳೆ ಎಂದುಕೊಂಡೆ. ಅಲ್ಲ. ನಗು ತಡೆಯಲಾರದೆ ಗೋಡೆ ಹಿಡಿದು ಕುಸಿದಳು. ಅವಳನ್ನು ನೋಡಿ ದೊಡ್ಡವ್ವನ ಮುಖದ ಬಿಗುವು ಸಡಿಲಿತು. ಮೊದಲು ಹೊಟ್ಟೆ ಕುಲುಕಿತು, ಆಮೇಲೆ ಹೆಗಲು, ಆಮೇಲೆ ಇಡೀ ಅಡುಗೆಮನೆ. ನಗುತ್ತಾ ನಗುತ್ತಾ ಅವರು ಕೈ ಚಾಚಿದರು. ರಾಧಾಮಣಿ ಹೋಗಿ ಅವರ ಮಡಿಲಲ್ಲಿ ಮುಖ ಇಟ್ಟಳು. ಈಗ ನಿಜವಾಗಿಯೂ ಅಳುತ್ತಿದ್ದಳು.

"ಸುಮ್ಕಿರು ಮಗಾ. ತಣ್ಣಗಾಗಿದ್ದು ಹಿಟ್ಟು ಕಣವ್ವ, ನಾನಲ್ಲ. ನಾನೇ ಒಸಿ ಜಾಸ್ತಿ ಮುನಿಸ್ಕಂಡ್‌ಬುಟ್ಟೆ. ಏಳು, ಬಿಸಿ ಇರೋವಾಗ್ಲೇ ಉಣ್ಣವ."

ಇಬ್ಬರೂ ಒಂದೇ ತಟ್ಟೆಯಲ್ಲಿ ಬಿಸಿ ಮುದ್ದೆ ಮುರಿದು ನಾಟಿಕೋಳಿ ಸಾರಿನಲ್ಲಿ ಅದ್ದಿ ಉಂಡರು. ನನಗೆ ಯಾರೂ ಬಡಿಸಲಿಲ್ಲ. ಕೇಳುವ ಧೈರ್ಯ, ಹೊಟ್ಟೆಯಲ್ಲಿ ಜಾಗ ಎರಡೂ ನನ್ನ ಬಳಿ ಇರಲಿಲ್ಲ.

ಅಷ್ಟರಲ್ಲಿ ಗಂಗಹನುಮಯ್ಯನವರು ಬಂದರು. ವ್ಯಾನನ್ನು ಏರಿಯಿಂದ ಡೇರಿಯವರೆಗೆ ದಾರಿಹೋಕರ ಕೈಯಲ್ಲಿ ತಳ್ಳಿಸಿ, ಹಲಸಿನ ಹಣ್ಣನ್ನು ಹೆಗಲ ಮೇಲೆ ಹೊತ್ತು, ಬೆವರು ಒರೆಸುತ್ತಾ ಒಳಗೆ ಬಂದು ಕಂಬಕ್ಕೆ ಒರಗಿ ಕೂತರು. ಒಂದು ಚೊಂಬು ನೀರು ಕುಡಿದು ಉಸಿರು ತೆಗೆದುಕೊಂಡು ಕೇಳಿದರು.

"ಏನವ್ವ ರಾಧಾಮಣಿ, ನಿಮ್ಮೂರಲ್ಲಿ ಕೋತಿ ಕಾಟ ಜಾಸ್ತಿಯಾ? ಏರಿ ಮ್ಯಾಲಿಂದ ನೋಡ್ದೆ. ನಿಮ್ ತಾರ್ಸಿ ಮ್ಯಾಲೆ ಒಂದು ದೊಡ್ಡ ಮುಸುವ, ಅತ್ತಿಂದಿತ್ತ ಕುಣೀತಾ ಕಿರುಚ್ತಾ ಇತ್ತು."

ರಾಧಾಮಣಿ ನನ್ನ ಕಡೆ ನೋಡಲೂ ಇಲ್ಲ. ದೊಡ್ಡಪ್ಪನ ಎಲೆಗೆ ಬಿಸಿ ಮುದ್ದೆ ಇಟ್ಟಳು.

"ಹೂಂ ದೊಡ್ಡಪ್ಪ. ಒಂದೇ ಒಂದು. ಎಷ್ಟು ಓಡ್ಸಿದ್ರೂ ಹೋಗಾಕಿಲ್ಲ. ಅದ್ಕೇ ಹಿಟ್ಟಾಕಿ ಸಾಕ್ಕಂಡಿವ್ನಿ."